ಕಲಿಸಿದ ಜೈಲಿನ ಎದುರೇ ಟೆಂಡರು

ಹಾಸನದ ನಮ್ಮ ಕಚೇರಿಯ ಉಗ್ರಾಣಕ್ಕೆ ವರ್ಷಕ್ಕೊಮ್ಮೆ ಜೈಲಿನ ಲಾರಿ ಬರುತ್ತಿತ್ತು. ಜಮಖಾನ, ಹೊದಿಕೆ, ನೆಲದ ಮೇಲೆ ಕೂತು ಬರೆಯುವ ಗಿಡ್ಡ ಡೆಸ್ಕು, ಒಮ್ಮೊಮ್ಮೆ ಕುರ್ಚಿ. ನಮ್ಮದು ಹಾಸ್ಟೆಲುಗಳನ್ನು ನೋಡಿಕೊಳ್ಳುವ ಇಲಾಖೆ. ಮಕ್ಕಳಿಗೆ ಹಾಸಲು, ಹೊದೆಯಲು, ಬರೆಯಲು ಬೇಕಾದದ್ದನ್ನೆಲ್ಲ ಒಂದು ಕಾರಾಗೃಹದ ಕಾರ್ಖಾನೆಯಿಂದ ನೇರವಾಗಿ ತರಿಸಿಕೊಳ್ಳುವುದು ಹಿಂದಿನಿಂದ ನಡೆದು ಬಂದಿತ್ತು. ಉಗ್ರಾಣದ ಗುಮಾಸ್ತೆಯಾದ ನನ್ನ ಕೆಲಸ ಸಾಮಾನು ಎಣಿಸಿ ಒಳಗಿಡುವುದು. ಆದರೆ ಎಣಿಸುವುದಕ್ಕಿಂತ ಹೆಚ್ಚು ಹೊತ್ತು ನಾನು ಅವನ್ನು ಸವರುತ್ತ, ತಿರುಗಿಸುತ್ತ ನಿಂತಿರುತ್ತಿದ್ದೆ. ಈ ಜಮಖಾನದ ಅಂಚಿಗೆ ಒಂದೆಳೆ ಕೆಂಪು ಇರಲಿ ಎಂದು ಯಾರಿಗೆ ಅನ್ನಿಸಿತೋ? ಅವರ ವಯಸ್ಸೆಷ್ಟೋ? ಕಚೇರಿಯಲ್ಲಿ ಯಾರೂ ಇದನ್ನು ಕೇಳುತ್ತಿರಲಿಲ್ಲ. ‘ಜೈಲಿನ ಮಾಲು ಬಂತು’ ಎನ್ನುವರು, ಸಹಿ ಹಾಕುವರು, ಅಲ್ಲಿಗೆ ಮುಗಿಯಿತು.

ಈ ತಿರುಗಿಸಿ ನೋಡುವ ಚಟ ನನಗೆ ಅಜ್ಜಿಯಿಂದ ಅಂಟಿದ್ದು. ಅಜ್ಜಿ ಮೊಸಳೆ ಎಂಬ ಊರಿನ ಕಡೆಯವರು. ಯಾರ ಮನೆಗೆ ಹೋದರೂ ಹೊಸ ಮಂಚವೋ ಪೆಟ್ಟಿಗೆಯೋ ಕಂಡರೆ ಸೊಂಟ ಬಗ್ಗಿಸಿ ಅದರ ಅಡಿ ನೋಡುವರು. “ಮ್ಯಾಲ್ಗಡೆ ಎಲ್ರೂ ಚೆಂದಾಗೇ ಮಾಡ್ತಾರೆ ಕಣವ್ವ. ಅಡೀಲಿ ನೋಡು, ಅವನು ಎಂತಾ ಸೋಂಬೇರಿ ಅಂತ ಗೊತ್ತಾಯ್ತದೆ” ಎನ್ನುವರು. ಮನೆಯವರ ಮುಖ ಆಗ ನೋಡಬೇಕಿತ್ತು.

ಕೆಲವು ವರ್ಷಗಳ ಹಿಂದೆ ನಮಗೆ ಹೊಸ ಅಧಿಕಾರಿಯೊಬ್ಬರು ಬಂದರು. ಹೆಂಗಸು, ಮಾತು ಕಡಿಮೆ, ಕಡತವನ್ನು ಮೊದಲ ಹಾಳೆಯಿಂದ ಓದುವವರು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಈ ಮೂರು ಊರಿನ ಹಾಸ್ಟೆಲುಗಳಿಗೆ ಡೆಸ್ಕು ಬೇಕಾಗಿತ್ತು. ಎಂದಿನಂತೆ ಜೈಲಿಗೆ ಪತ್ರ ಬರೆಯಲು ಹೊರಟ ನನ್ನನ್ನು ಅವರು ತಡೆದರು.

“ಈ ಸಲ ಟೆಂಡರ್ ಕರೆಯೋಣ. ಜೈಲಿನವರೂ ಬರಲಿ, ಹೊರಗಿನವರೂ ಬರಲಿ. ಗಟ್ಟಿ ಯಾರದು, ದರ ಕಡಿಮೆ ಯಾರದು ಅಂತ ನೋಡಿ ಕೊಡೋಣ.”

ಡೆಸ್ಕುಗಳನ್ನು ಹಾಸ್ಟೆಲಿನ ಬಾಗಿಲಿಗೇ ತಂದು ಇಳಿಸಬೇಕು, ಆದ್ದರಿಂದ ಮೂರು ಊರಿಗೂ ಬೇರೆ ಬೇರೆ ದರ ಕೊಡಬೇಕು ಎಂದೂ ಬರೆಸಿದರು. ಮೂವರು ಹಾಕಿದರು. ಒಂದು ಜೈಲಿನ ಮರಗೆಲಸದ ಕಾರ್ಖಾನೆ. ಇನ್ನೊಂದು ಪೇಟೆಯ ಫರ್ನಿಚರ್ ಅಂಗಡಿ. ಮೂರನೆಯದು ಹಳ್ಳಿಮೈಸೂರಿನ ಒಬ್ಬ ಬಡಗಿ. ಅವರ ಹೆಸರನ್ನು ನಾವು ಯಾರೂ ಕೇಳಿರಲಿಲ್ಲ.

ಮಾದರಿ ಡೆಸ್ಕುಗಳನ್ನು ನೋಡುವ ದಿನ ಮೂರನ್ನೂ ಕಚೇರಿಯ ಪಡಸಾಲೆಯಲ್ಲಿ ಸಾಲಾಗಿ ಇಟ್ಟಿದ್ದೆವು. ಸಮಿತಿಯಲ್ಲಿ ಅರಕಲಗೂಡಿನ ಹಾಸ್ಟೆಲಿನ ವಾರ್ಡನ್ನರೂ ಇದ್ದರು. ತೂಕದ ಆಸಾಮಿ, ಬಾಯಿಯೂ ಅಷ್ಟೇ. ಎಲ್ಲರೂ ಮೇಲ್ಮೈ ಸವರಿ ಪಾಲೀಶು ಚೆನ್ನಾಗಿದೆ ಎನ್ನುತ್ತಿದ್ದರೆ ಅವರು ಪ್ಯಾಂಟು ಮೇಲೆಳೆದುಕೊಂಡು ಅಂಗಡಿಯವರ ಡೆಸ್ಕಿನ ಮೇಲೆ ಕೂತೇಬಿಟ್ಟರು.

“ಸಾರ್, ಅದು ಬರ್ಯೋ ಡೆಸ್ಕು ಸಾರ್!” ಎಂದು ಅಂಗಡಿಯ ಕಡೆಯವನು ಕೂಗಿದ.

“ನಮ್ ಐಕ್ಳು ಇದ್ರ ಮ್ಯಾಲೆ ಬರ್ಯೋದು ಆಮ್ಯಾಕೆ ಕಣಪ್ಪ. ಮೊದ್ಲು ಅತ್ತಿ ನಿಂತ್ಕಂಡು ಬಲ್ಬ್ ಬಿಚ್ತಾರೆ...”

ಮಾತು ಮುಗಿಯುವ ಮೊದಲೇ ಡೆಸ್ಕಿನ ಎರಡು ಕಾಲು ಎರಡು ದಿಕ್ಕಿಗೆ ಹೋದವು. ವಾರ್ಡನ್ನರು ನೆಲದ ಮೇಲಿದ್ದರು. ನಾವು ನಗು ನುಂಗಿಕೊಂಡು ಎತ್ತಲು ಹೋದರೆ ಅವರು ಕೂತಲ್ಲಿಂದಲೇ, “ಬರ್ಕಳಿ ಮೇಡಂ, ಒಂದು ಔಟು” ಎಂದರು.

ಉಳಿದ ಎರಡು ಅವರ ಭಾರಕ್ಕೆ ಕಿರ್ ಎಂದೂ ಅನ್ನಲಿಲ್ಲ. ನಾನು ಅಜ್ಜಿಯ ಮೊಮ್ಮಗಳಾಗಿ ಎರಡನ್ನೂ ಬೋರಲು ಹಾಕಿದೆ. ಹಾಕಿದವಳು ಹಾಗೇ ನಿಂತೆ. ಎರಡೂ ಒಂದೇ ತಾಯಿಯ ಮಕ್ಕಳಂತಿದ್ದವು. ಎರಡರಲ್ಲೂ ಒಂದೇ ಒಂದು ಕಬ್ಬಿಣದ ಮೊಳೆ ಇರಲಿಲ್ಲ, ಎಲ್ಲ ಕೀಲಿಗೂ ಬಿದಿರಿನ ಮೊಳೆ ಹೊಡೆದಿತ್ತು. ಅದಕ್ಕಿಂತ ಸೋಜಿಗವೆಂದರೆ ಅಡಿಭಾಗ. ಡೆಸ್ಕಿನ ಅಡಿಗೆ ಯಾವ ಬಡಗಿಯೂ ಹತ್ತರಿ ಹೊಡೆದು ನುಣುಪು ಮಾಡುವುದಿಲ್ಲ, ಗರಗಸ ಕೊಯ್ದ ಗುರುತು ಹಾಗೆಯೇ ಇರುತ್ತದೆ. ಇವೆರಡರ ಅಡಿ ಮಾತ್ರ ಮೇಲಿನಷ್ಟೇ ನುಣುಪು. ಯಾರೂ ನೋಡದ ಕಡೆ ಇಷ್ಟು ಕೈ ಸವೆಸಿದ್ದು ಯಾಕೆ? ಜೈಲಿನವರೂ ಹಳ್ಳಿಮೈಸೂರಿನವರೂ ಇಬ್ಬರೂ ಹೀಗೆಯೇ ಮಾಡಿದ್ದು ಹೇಗೆ?

ಉತ್ತರ ಸಿಕ್ಕಿದ್ದು ಕಾಗದಪತ್ರದ ಲಕೋಟೆ ಬಿಚ್ಚಿದಾಗ. ಐದು ವರ್ಷದ ಅನುಭವಕ್ಕೆ ಪ್ರಮಾಣಪತ್ರ ಕೊಡಬೇಕೆಂಬ ಷರತ್ತಿತ್ತು. ಹಳ್ಳಿಮೈಸೂರಿನ ಬಡಗಿ ಒಂದು ಪ್ರಮಾಣಪತ್ರವನ್ನೇನೋ ಕೊಟ್ಟಿದ್ದರು. ಇವರು ಮರಗೆಲಸದಲ್ಲಿ ತರಬೇತಿ ಹೊಂದಿ ಒಂಬತ್ತು ವರ್ಷ ದುಡಿದಿದ್ದಾರೆ, ಕೆಲಸ ಉತ್ತಮ, ನಡತೆ ಉತ್ತಮ ಎಂದಿತ್ತು. ಕೆಳಗೆ ಸಹಿ ಇತ್ತು. ಆದರೆ ಯಾರು ಕೊಟ್ಟದ್ದು ಎಂದು ಇರಬೇಕಾದ ಮೇಲಿನ ನಾಲ್ಕು ಬೆರಳಿನಷ್ಟು ಕಾಗದವೇ ಇರಲಿಲ್ಲ. ಕತ್ತರಿಯಿಂದ ನೇರವಾಗಿ ಕತ್ತರಿಸಿತ್ತು. ಸಹಿಯ ಪಕ್ಕದ ಮೊಹರನ್ನೂ ದುಂಡಗೆ ಕತ್ತರಿಸಿ ತೆಗೆದಿತ್ತು. ಹಾಗೆ ಮಾಡಿ, ಹರಿಯದಿರಲಿ ಎಂದು ಪ್ಲಾಸ್ಟಿಕ್ ಹೊದಿಸಿದ್ದರು!

ಅಧಿಕಾರಿ ಅದನ್ನು ಬೆಳಕಿಗೆ ಹಿಡಿದರು. “ತಿದ್ದಿದ ಕಾಗದ ಕೊಟ್ಟವರನ್ನು ಏನು ಮಾಡಬೇಕು ಅಂತ ನಿಯಮ ಇದೆ, ಗೊತ್ತಲ್ಲ? ಕಪ್ಪುಪಟ್ಟಿಗೆ ಹಾಕಿ ಪೊಲೀಸರಿಗೆ ಬರೀಬೇಕು. ಸೋಮವಾರ ಸಮಿತಿ ಕೂರುತ್ತೆ. ಅಷ್ಟರೊಳಗೆ ಅವರು ಬಂದು ವಿವರಣೆ ಕೊಡಲಿ.”

ಫೋನು ಮಾಡಿದೆ. ಮಾರನೆಯ ದಿನ ಬೆಳಗಿನ ಬಸ್ಸಿಗೇ ಬಂದರು. ನಲವತ್ತೈದರ ಆಸುಪಾಸಿನ ಮನುಷ್ಯ, ಒಗೆದು ಒಗೆದು ತೆಳುವಾದ ಬಿಳಿ ಅಂಗಿ. ಕೂರಿ ಎಂದರೂ ಕೂರಲಿಲ್ಲ. ಕಾಗದವನ್ನು ಅವರ ಮುಂದಿಟ್ಟೆ.

“ಇದರ ಮೇಲಿನ ಭಾಗ ಎಲ್ಲಿ?”

“ಕತ್ತರಿಸ್ಬುಟ್ಟೆ ಅಕ್ಕಾ.”

“ಯಾಕೆ?”

“ಅದ್ರಲ್ಲಿ ಜೈಲ್ ಹೆಸ್ರಿತ್ತು.”

ಅವರೇ ಒಂದೊಂದಾಗಿ ಹೇಳಿದರು. ಒಂಬತ್ತು ವರ್ಷ ಒಳಗಿದ್ದರು. ಹೋಗುವಾಗ ಉಳಿ ಹಿಡಿಯಲೂ ಬರುತ್ತಿರಲಿಲ್ಲ, ಕಲಿತದ್ದೆಲ್ಲ ಅಲ್ಲೇ. ಹೊರಗೆ ಬಂದು ಹಳ್ಳಿಮೈಸೂರಿನಲ್ಲಿ ಹಾಲಿನ ಡೈರಿಯ ಪಕ್ಕ ಒಂದು ತಗಡಿನ ಷೆಡ್ಡು ಹಾಕಿಕೊಂಡಿದ್ದರು. ಊರಿನವರಿಗೆ ಎಲ್ಲ ಗೊತ್ತು. ನೇಗಿಲು ರಿಪೇರಿಗೆ ಬರುತ್ತಾರೆ, ಮುರಿದ ಮಂಚಕ್ಕೆ ಕಾಲು ಹಾಕಿಸುತ್ತಾರೆ, ದನದ ಕೊಟ್ಟಿಗೆಗೆ ಗೂಟ ಮಾಡಿಸುತ್ತಾರೆ. ಹೊಸ ಮನೆಯ ಬಾಗಿಲಿನ ಚೌಕಟ್ಟಿಗೆ ಮಾತ್ರ ಇನ್ನೊಂದು ಊರಿನ ಬಡಗಿಯನ್ನು ಕರೆಸುತ್ತಾರೆ.

“ಅದ್ರಲ್ಲೇ ಅಕ್ಕಾ ಕೆಲ್ಸ ಇರೋದು. ಬಾಗ್ಲು ಮಾಡ್ದೋನಿಗೇ ಕಿಟಕಿ, ಅವನ್ಗೇ ಅಟ್ಟ. ಗೂಟ ಮಾಡ್ಕಂಡು ಎಷ್ಟ್ ದಿನ ಇರಾದು? ಸರ್ಕಾರದೋರು ಡೆಸ್ಕ್ ನೋಡ್ತಾರೆ, ನನ್ ಮಖ ನೋಡಾಕಿಲ್ಲ ಅನ್ಕಂಡೆ. ಇದು ಸಿಕ್ರೆ ಷೆಡ್ ಉಳೀತದೆ. ಇಲ್ದಿದ್ರೆ ಬಾಗ್ಲಾಕ್ಬುಟ್ಟು ಮೂಟೆ ಹೊರಾಕೋಯ್ತೀನಿ.”

“ಹಾಗಂತ ಕಾಗದ ಕತ್ತರಿಸೋದಾ?”

“ಕೆಲ್ಸದ್ ಮಾತೆಲ್ಲ ಅಂಗೇ ಬುಟ್ಟಿವ್ನಲ್ಲ ಅಕ್ಕಾ. ಜೈಲ್ ಅನ್ನಾ ಮಾತೊಂದೇ ತೆಗ್ದಿದ್ದು.” ಅದರಲ್ಲಿ ಸುಳ್ಳೇನಿದೆ ಎಂದು ಅವರಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ. ಮರದ ಹಲಗೆಯಲ್ಲಿ ಗಂಟಿದ್ದರೆ ಅಷ್ಟನ್ನು ಕೊಯ್ದು ತೆಗೆಯುತ್ತಾರಲ್ಲ, ಹಾಗೆ ತೆಗೆದಿದ್ದರು. ಆಮೇಲೆ ದನಿ ಇಳಿಸಿ ಕೇಳಿದರು: “ಕಳ್ಳ ಕಾಗ್ದ ಅಂದ್ರೆ ಪೊಲೀಸ್ನೋರು ಬತ್ತಾರಾ ಅಕ್ಕಾ?”

ಒಮ್ಮೆ ಒಳಗಿದ್ದು ಬಂದವರಿಗೆ ಪೊಲೀಸರು ಎಂಬ ಮಾತಿನ ತೂಕವೇ ಬೇರೆ. ಮಾತು ಬದಲಿಸಲೆಂದೂ, ನಿಜ ಹೇಳಬೇಕೆಂದರೆ ತಡೆಯಲಾರದ ಕುತೂಹಲಕ್ಕೂ, ಡೆಸ್ಕಿನ ಅಡಿಯ ವಿಷಯ ಕೇಳಿದೆ. ಅವರ ಮುಖ ಸ್ವಲ್ಪ ಬಿಚ್ಚಿತು.

“ಒಳ್ಗೆ ಮೊಳೆ ಎಣ್ಸಿ ಕೊಡ್ತಾರೆ, ಸಾಯಂಕಾಲ ಎಣ್ಸಿ ಈಸ್ಕತಾರೆ. ಒಂದ್ ಕಮ್ಮಿ ಬಂತು ಅನ್ನಿ, ಅದು ಸಿಗಾ ಗಂಟ ಯಾರೂ ಊಟಕ್ಕೋಗಂಗಿಲ್ಲ. ಅದ್ಕೆ ನಮ್ ಮೇಷ್ಟ್ರು ಈ ಮೊಳೆ ಸಾವಾಸನೇ ಬ್ಯಾಡ ಅಂತ ಬಿದ್ರು ಮೊಳೆ ಕಲಿಸ್ಬುಟ್ರು.”

“ಅಡಿಗೆ ಹತ್ತರಿ?”

“ಅಡೀಲಿ ಏನಾರ ಅಂಟ್ಸಿ ಮಡಗಿದಾರಾ ಅಂತ ಪೇದೆ ದಿನಾ ಕೈಯಾಡಿಸ್ತಾರೆ. ಒಂದಿನ ಒಬ್ರಿಗೆ ಚಕ್ಕೆ ಚುಚ್ಕತ್ತು. ಅವತ್ತಿಂದ ಅಡೀನೂ ನುಣ್ಣಗಿರ್ಬೇಕು ಅಂತ ಆಯ್ತು.”

“ಈಗ ಹಳ್ಳಿಮೈಸೂರಲ್ಲಿ ಯಾರು ಕೈಯಾಡಿಸ್ತಾರೆ?”

“ಯಾರೂ ಇಲ್ಲ. ಆದ್ರೂ ಕೈ ನಿಲ್ಲಾಕಿಲ್ಲ ಅಕ್ಕಾ. ಅಡಿ ಬುಟ್ಬುಟ್ರೆ ಅವತ್ತು ನಿದ್ದೆ ಬರಾಕಿಲ್ಲ.”

ನಾನು ಕೂತಿದ್ದ ಕುರ್ಚಿಯೂ ಜೈಲಿನಿಂದ ಬಂದದ್ದೇ. ತಟ್ಟನೆ ಎದ್ದು ಅದನ್ನು ಬೋರಲು ಹಾಕಿದೆ. ಇದು ನಿಮ್ಮದೇ ಇರಬಹುದಲ್ಲವೇ ಎಂದೆ. ಹೌದು ಅನ್ನಲಿ ಎಂದು ನನಗೆ ಆಸೆ. ಅವರು ಮೊಣಕಾಲೂರಿ ಕೂತು ಕೀಲುಗಳ ಮೇಲೆ ಹೆಬ್ಬೆರಳಾಡಿಸಿದರು.

“ನಂದಲ್ಲ ಅಕ್ಕಾ. ಇದು ಎಡಗೈಯೋನು ಮಾಡಿರಾದು, ಮೊಳೆ ಹೊಡ್ದಿರೋ ಓರೆ ನೋಡಿ. ಇವನ್ ನಂಗೊತ್ತು, ಬೋ ಚೆಂದಾಗಿ ತತ್ವಪದ ಹಾಡ್ತಿದ್ದ. ನಂಗಿಂತ ಒಳ್ಳೆ ಕೆಲ್ಸಗಾರ.” ಕುರ್ಚಿಯನ್ನು ಮೆತ್ತಗೆ ನೇರ ಮಾಡಿ, ಅಂಗೈಯಿಂದ ಧೂಳು ಒರೆಸಿ ನನಗೆ ಬಿಟ್ಟುಕೊಟ್ಟರು. ಆರು ವರ್ಷ ಕೂತ ಕುರ್ಚಿಯ ಮೇಲೆ ಅವತ್ತು ಕೂರಲು ನನಗೆ ಒಂಥರಾ ಸಂಕೋಚವಾಯಿತು.

ಅವರ ವಿವರಣೆಯನ್ನು ಅಧಿಕಾರಿಗೆ ಹೇಳಿದೆ. ಏನು ಅಪರಾಧ ಮಾಡಿದ್ದರಂತೆ ಎಂದು ಅವರು ಕೇಳಲಿಲ್ಲ. ಅದನ್ನು ಕೇಳಿದ್ದು ಪಕ್ಕದಲ್ಲಿದ್ದ ವಾರ್ಡನ್ನರು. “ಅರ್ಜಿಯಲ್ಲಿ ಆ ಕಾಲಂ ಇಲ್ಲ” ಎಂದು ಅಧಿಕಾರಿ ಅವರ ಬಾಯಿ ಮುಚ್ಚಿಸಿದರು. ನನಗೂ ಆ ಪ್ರಶ್ನೆ ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ. ಆಮೇಲೆ ಅಧಿಕಾರಿ ಯೋಚಿಸಿ, “ಆ ಸಹಿ ಯಾರದೋ ಅವರು ಬಂದು ನನ್ನದೇ ಅನ್ನಬೇಕು. ಇಲ್ಲದಿದ್ದರೆ ನಾನೇನೂ ಮಾಡೋಕಾಗಲ್ಲ” ಎಂದರು.

ಸಹಿ ಜೈಲಿನ ಮರಗೆಲಸದ ಮೇಷ್ಟ್ರದ್ದು. ಸೋಮವಾರ ಜೈಲಿನ ಪರವಾಗಿ ಟೆಂಡರಿಗೆ ಬರಬೇಕಾದವರೂ ಅವರೇ. ಗೊತ್ತಿಲ್ಲ ಎಂದು ಒಂದು ಮಾತಂದರೆ ಸಾಕು, ಎದುರಾಳಿ ಇಲ್ಲದೆ ಮೂರೂ ಊರು ಅವರದಾಗುತ್ತಿತ್ತು.

ಸೋಮವಾರ ಮೇಷ್ಟ್ರು ಬಂದರು. ಸಣಕಲು ದೇಹ, ಕಚೇರಿಗೆ ಬರುವಾಗಲೂ ಕಿವಿಯ ಮೇಲೆ ಪೆನ್ಸಿಲು. ಬಡಗಿ ಹೊರಗೆ ವರಾಂಡದ ಕಂಬಕ್ಕೆ ಒರಗಿ ನಿಂತಿದ್ದವರು ಅವರನ್ನು ಕಂಡದ್ದೇ ನೆಟ್ಟಗೆ ನಿಂತರು, ಕೈ ತಾನಾಗಿ ಬೆನ್ನ ಹಿಂದೆ ಹೋಯಿತು. ಮೇಷ್ಟ್ರು ನೋಡಿಯೂ ನೋಡದವರ ಹಾಗೆ ಒಳಗೆ ಬಂದರು. ಮೊದಲು ಹೋದದ್ದು ಮಾದರಿ ಡೆಸ್ಕುಗಳ ಹತ್ತಿರ. ಎರಡನ್ನೂ ತಟ್ಟಿದರು, ಬೋರಲು ಹಾಕಿದರು. ಒಂದರ ಮುಂದೆ ಬಹಳ ಹೊತ್ತು ಕುಕ್ಕರುಗಾಲಲ್ಲಿ ಕೂತರು.

ಅಧಿಕಾರಿ ಆ ಕಾಗದ ಚಾಚಿದರು. “ಈ ಸಹಿ ನಿಮ್ಮದೇ?”

ಮೇಷ್ಟ್ರು ಕನ್ನಡಕ ಹಾಕಿಕೊಂಡರು, ತೆಗೆದರು, ಮತ್ತೆ ಹಾಕಿಕೊಂಡರು.

“ಮೇಡಂ, ಒಂದು ಮಾತು. ಒಳಗೆ ನನ್ನ ಹದಿನೆಂಟು ಜನ ಈ ಆರ್ಡರಿಗೆ ಕಾಯ್ತಾ ಕೂತಿದ್ದಾರೆ. ಮೊದಲು ನೀವು ಪತ್ರ ಬರೀತಿದ್ರಿ, ನಾವು ಮಾಡ್ತಿದ್ವಿ. ಈಗ ಎಲ್ಲಾ ಕಡೆ ಟೆಂಡರ್ ಅಂತೀರಿ. ಕೆಲಸ ಇದ್ದರೆ ಅವರು ಬೆಳಗಾಗೋದನ್ನೇ ಕಾಯ್ತಾರೆ. ಇಲ್ಲದಿದ್ರೆ ಗೋಡೆ ನೋಡ್ಕೊಂಡು ಕೂತು ಒಬ್ಬರಿಗೊಬ್ಬರು ಕಚ್ಚಾಡ್ತಾರೆ. ಇದನ್ನ ನೀವು ಯಾವ ಕಾಲಮ್ಮಿಗೆ ಹಾಕ್ತೀರಿ?”

ಅಧಿಕಾರಿ ಆ ಕಾಗದದ ಮೇಲೆ ಬೆರಳಿಟ್ಟರು. “ಸಹಿ?” ಎಂದಷ್ಟೇ ಕೇಳಿದರು.

ಮೇಷ್ಟ್ರು ಬಾಗಿಲ ಕಡೆ ತಿರುಗಿ, “ಬಾರಯ್ಯಾ ಇಲ್ಲಿ” ಎಂದರು.

ಬಡಗಿ ಒಳಗೆ ಬಂದು ಗೋಡೆಗೆ ಒತ್ತಿಕೊಂಡು ನಿಂತರು.

“ಏನಯ್ಯಾ, ನನ್ನ ಎದುರೇ ಟೆಂಡರ್ ಹಾಕಿದ್ಯಾ?”

“ತಪ್ಪಾಯ್ತು ಸಾ.”

“ಹಾಕಿದ್ದು ತಪ್ಪಲ್ಲ. ಹಿಂದಿನ ಕಾಲಿನ ಕೀಲು ನೋಡ್ದೆ. ಕೂದಲೆಳೆಯಷ್ಟು ಸಡಿಲ ಇದೆ. ಮರ ಪೂರ್ತಿ ಒಣಗೋ ಮುಂಚೆ ಕೊಯ್ದಿದೀಯ. ಎಷ್ಟು ಸಲ ಬಡ್ಕೊಂಡೆ ನಿನಗೆ?”

“ದಿನ ಸಾಲ್ದಾಯ್ತು ಸಾ.”

“ದಿನ ಸಾಲದಿದ್ರೆ ಹಾಕಬಾರದು. ಮತ್ತೆ ನನ್ನ ಸಹಿ ಇರೋ ಕಾಗದಕ್ಕೆ ಕತ್ತರಿ ಹಾಕ್ತೀಯಲ್ಲ, ನಾನೇನು ಬರೆಯಬಾರದ್ದು ಬರೆದಿದ್ನೇ?” ಎಂದು ಗದರಿ, ಅದೇ ದನಿಯಲ್ಲಿ ಅಧಿಕಾರಿಯ ಕಡೆ ತಿರುಗಿದರು. “ಸಹಿ ನಂದೇ ಮೇಡಂ. ಇವನು ನನ್ನ ಹತ್ತಿರ ಒಂಬತ್ತು ವರ್ಷ ಕೆಲಸ ಮಾಡಿದೋನು. ಎಲ್ಲಿ ಬೇಕಾದರೂ ಬರೆದುಕೊಡ್ತೀನಿ.”

ಬಾಯಿಮಾತು ಕಡತಕ್ಕೆ ಸಾಲದು. ಮೂರು ದಿನದೊಳಗೆ ಪೂರ್ತಿ ಪ್ರಮಾಣಪತ್ರದ ಎರಡನೆಯ ಪ್ರತಿ ತಂದುಕೊಟ್ಟರೆ ಒಪ್ಪುತ್ತೇನೆ ಎಂದರು ಅಧಿಕಾರಿ. ಅದನ್ನು ಪಡೆಯಲು ಬಡಗಿಯೇ ಜೈಲಿಗೆ ಹೋಗಿ ರುಜು ಹಾಕಬೇಕು. ಅಲ್ಲಿಯವರೆಗೆ ತಲೆ ತಗ್ಗಿಸಿ ನಿಂತಿದ್ದವರು ತಲೆಯೆತ್ತಿದರು.

“ಆ ಗೇಟ್ ತಾವ್ಕೆ ನಾ ಓಗಾಕಿಲ್ಲ ಸಾ. ಟೆಂಡರ್ ಓದ್ರೋಗ್ಲಿ.”

“ಒಳಗೆ ಬಾ ಅಂತ ಯಾರಯ್ಯಾ ಕರೆದ್ರು? ರಸ್ತೆ ಆಚೆ ಎಳನೀರಿನ ಗಾಡಿ ಹತ್ರ ನಿಂತ್ಕೋ. ಪುಸ್ತಕ ನಾನೇ ತರ್ತೀನಿ, ರುಜು ಹಾಕು, ಕಾಗದ ತಗೊಂಡು ಬಸ್ ಹತ್ತು. ಬರ್ತೀಯೋ ಇಲ್ವೋ?”

ಬರುತ್ತೇನೆ ಎನ್ನಲು ಅವರು ತೆಗೆದುಕೊಂಡ ಹೊತ್ತಿನಲ್ಲಿ ವಾರ್ಡನ್ನರು ಎರಡು ಸಲ ಕೆಮ್ಮಿದರು.

ಮೊದಲ ದಿನ ಬಡಗಿಯ ಸುದ್ದಿಯಿಲ್ಲ. ಎರಡನೆಯ ದಿನವೂ ಇಲ್ಲ. ಫೋನು ಮಾಡಿದರೆ ಎತ್ತುತ್ತಿರಲಿಲ್ಲ. ಕಚೇರಿಯ ಕೆಲಸ ಮಾಡುತ್ತಲೇ ನಾನು ಬಾಗಿಲ ಕಡೆ ನೋಡುತ್ತಿದ್ದೆ, ನನ್ನದೇ ಟೆಂಡರೇನೋ ಎಂಬಂತೆ. ಮೂರನೆಯ ದಿನ ಮಧ್ಯಾಹ್ನ ಊಟದ ಡಬ್ಬಿ ತೆರೆಯುವ ಹೊತ್ತಿಗೆ ಬಂದರು. ಕಂಕುಳಲ್ಲಿ ರಟ್ಟಿನ ಎರಡು ಹಾಳೆಯ ನಡುವೆ ಇಟ್ಟ ಕಾಗದ. ಮೇಲೆ ಕಾರಾಗೃಹದ ಹೆಸರು ದಪ್ಪ ಅಕ್ಷರದಲ್ಲಿತ್ತು, ಕೆಳಗೆ ಮೊಹರಿತ್ತು. ಮೊದಲ ದಿನವೇ ಹೋಗಿದ್ದರಂತೆ. ಎಳನೀರಿನ ಗಾಡಿಯವರೆಗೆ ಹೋಗಿ, ಎಳನೀರು ಕುಡಿದು, ವಾಪಸು ಬಸ್ಸು ಹತ್ತಿದ್ದರಂತೆ. ಎರಡನೆಯ ದಿನವೂ ಹಾಗೇ.

“ಮೂರ್ನೇ ದಿನ ಎಳನೀರ್ನೋನೇ ಕೇಳ್ದ ಅಕ್ಕಾ, ಏನಣ್ಣ, ನನ್ ಎಳನೀರು ಅಷ್ಟು ಚೆಂದಾಗೈತಾ ಅಂತ. ನಗಾ ಬಂದ್ಬುಡ್ತು. ಮೇಷ್ಟ್ರಿಗೆ ಫೋನ್ ಮಾಡ್ದೆ.”

ದರದ ಲಕೋಟೆ ಒಡೆದದ್ದು ಮರುದಿನ, ಇಬ್ಬರ ಎದುರಿಗೇ. ಜೈಲಿನವರು ಮೂರೂ ಊರಿಗೆ ಒಂದೇ ದರ ಹಾಕಿದ್ದರು. ಬಡಗಿಯ ದರ ಊರು ದೂರವಾದಂತೆ ಏರಿತ್ತು. ಚನ್ನರಾಯಪಟ್ಟಣ ಜೈಲಿನವರದಾಯಿತು, ಅರಕಲಗೂಡೂ ಕೆಲವೇ ರೂಪಾಯಿಯ ಅಂತರದಲ್ಲಿ ಅವರದೇ ಆಯಿತು. ಹಳ್ಳಿಮೈಸೂರಿಗೆ ಹತ್ತಿರದ ಹೊಳೆನರಸೀಪುರ ಮಾತ್ರ ಬಡಗಿಗೆ. ಅಧಿಕಾರಿ ಓದಿ ಹೇಳಿದಾಗ ಅವರು ಕುಣಿದಾಡಲಿಲ್ಲ. “ಒಂದೂರು ಸಾಕು ಮೇಡಂ, ಷೆಡ್ ಬಾಗ್ಲು ತೆಗ್ದಿರ್ತದೆ” ಎಂದರು.

ಮಧ್ಯಾಹ್ನ ಕಿಟಕಿಯಿಂದ ನೋಡಿದರೆ ಕೆಳಗಿನ ಕ್ಯಾಂಟೀನಿನಲ್ಲಿ ಇಬ್ಬರೂ ಎದುರುಬದುರು ಕೂತಿದ್ದರು. ಮೇಷ್ಟ್ರು ಏನೋ ಕೇಳುತ್ತಿದ್ದರು, ಬಡಗಿ ಕೈಯಾಡಿಸಿ ಹೇಳುತ್ತಿದ್ದರು. ಆಮೇಲೆ ಮೇಷ್ಟ್ರು ಏನೋ ಅಂದರು, ಬಡಗಿ ನಕ್ಕರು. ಇಳಿದು ಹೋಗಿ ಪಕ್ಕದ ಮೇಜಿನಲ್ಲಿ ಕೂತುಬಿಡೋಣ ಎನ್ನಿಸುವಷ್ಟು ಕುತೂಹಲ ನನಗೆ. ಅಷ್ಟರಲ್ಲಿ ಅಧಿಕಾರಿ ಗಂಟೆ ಬಾರಿಸಿದರು.

ತಡೆಯಲಾರದೆ, ಮೊದಲ ಕಂತಿನ ಡೆಸ್ಕು ಇಳಿಸಿಕೊಳ್ಳಲು ಹೊಳೆನರಸೀಪುರದ ಹಾಸ್ಟೆಲಿಗೆ ಹೋದ ದಿನ ಕೇಳಿಯೇಬಿಟ್ಟೆ. “ಅವತ್ತು ಕ್ಯಾಂಟೀನಿನಲ್ಲಿ ಏನು ಮಾತು?”

ಬಡಗಿ ಡೆಸ್ಕಿಗೆ ಕಟ್ಟಿದ್ದ ಹಗ್ಗ ಬಿಚ್ಚುತ್ತಿದ್ದವರು ನಿಲ್ಲಿಸಿದರು.

“ಒಂದೂರು ನಾನ್ ಕಿತ್ಕಂಡ್ನಲ್ಲ ಅಕ್ಕಾ, ಒಳ್ಗೆ ಯಾರ್ ಕೆಲ್ಸಕ್ಕೆ ಕಲ್ ಬಿತ್ತು ಅಂತ ಕೇಳ್ದೆ. ಮೇಷ್ಟ್ರು ಎರಡು ಹೆಸ್ರು ಹೇಳುದ್ರು. ಇಬ್ರೂ ನಂಗೊತ್ತಿರೋರೇ.”

“ಆಮೇಲೆ?”

“ಅವ್ರಿಗೆ ಏನಾರ ಹೇಳ್ಬೇಕಾ ಅಂದ್ರು. ಏನೂ ತೋಚ್ಲಿಲ್ಲ. ಅದ್ಕೆ ಅವ್ರೇ, ಮುಂದ್ಲೊರ್ಸ ಹೊಳೆನರಸೀಪುರಾನೂ ನಿನ್ ಕೈಯಿಂದ ಕಿತ್ಕತೀನಿ ಕಣ್ಲಾ, ಅದ್ನೇ ಅವ್ರಿಗೆ ಹೇಳ್ತೀನಿ ಅಂದ್ರು.”

“ನೀವೇನಂದ್ರಿ?”

“ನಾನು ಅರಕಲಗೂಡ್ನೂ ಕಿತ್ಕತೀನಿ ಸಾ ಅಂದೆ” ಎಂದು ಅವರು ಮುಂದಿನ ಗಂಟಿಗೆ ಕೈ ಹಾಕಿದರು.